ಗಿಟಾರ್ ಹಿಂದೆ ಸರಿದಾಗ: ‘ಕಿಡ್ ಎ’ ಕೇಳಿದವರ ತಕರಾರು

ಇಂಗ್ಲೆಂಡಿನ ಆಕ್ಸ್‌ಫರ್ಡ್‌ಶೈರ್ ಮೂಲದ ರಾಕ್ ತಂಡ ರೇಡಿಯೊಹೆಡ್ 1997ರಲ್ಲಿ ಹೊರತಂದ ‘ಓಕೆ ಕಂಪ್ಯೂಟರ್’ ಆಲ್ಬಮ್, ಮೂರು ಗಿಟಾರುಗಳ ಹೆಣಿಗೆಯಿಂದಲೂ ಗಾಯಕ ಥಾಮ್ ಯಾರ್ಕ್ ಅವರ ತಾರಕದ ದನಿಯಿಂದಲೂ ಜಗತ್ತಿನ ಗಮನ ಸೆಳೆದಿದ್ದರಿಂದ, ಮುಂದಿನದೂ ಅದೇ ಜಾಡಿನಲ್ಲಿ ಇನ್ನಷ್ಟು ಭರ್ಜರಿಯಾಗಿ ಬರುತ್ತದೆಂದು ಅಭಿಮಾನಿಗಳು ನಂಬಿದ್ದರು. 2000ದ ಅಕ್ಟೋಬರ್ 2ರಂದು ಬ್ರಿಟನ್ನಿನಲ್ಲಿ ಬಿಡುಗಡೆಯಾದ ‘ಕಿಡ್ ಎ’ ಆ ನಂಬಿಕೆಯನ್ನು ಮೊದಲ ಹಾಡಿನಲ್ಲೇ ಹುಸಿಯಾಗಿಸಿತು. ಅಲ್ಲಿ ಗಿಟಾರ್ ಇಲ್ಲ. ವಿದ್ಯುತ್ತಿನಿಂದಲೇ ನಾದ ಹುಟ್ಟಿಸುವ ಸಿಂಥಸೈಜರ್ ಎಂಬ ಕೀಲಿಮಣೆ ವಾದ್ಯದ ಮಂದ ಸ್ವರಗಳ ಸುತ್ತ, ಯಾರ್ಕ್ ಅವರದೇ ಕಂಠದ ಚೂರುಗಳು ಹಿಂದುಮುಂದಾಗಿ ತೇಲಾಡುತ್ತವೆ. ಎರಡನೆಯ ಹಾಡಿನಲ್ಲಂತೂ ಆ ಕಂಠವನ್ನು ಯಂತ್ರದ ಮೂಲಕ ಹಾಯಿಸಿ, ಪದಗಳೇ ಸರಿಯಾಗಿ ಕೇಳಿಸದಷ್ಟು ರೂಪಾಂತರಿಸಲಾಗಿದೆ.

ಈ ತಿರುವಿಗೆ ಮೊದಲು ತಬ್ಬಿಬ್ಬಾದವರು ತಂಡದವರೇ ಎಂಬುದು ಅಷ್ಟಾಗಿ ಚರ್ಚೆಗೆ ಬರುವುದಿಲ್ಲ. ದೀರ್ಘ ಪ್ರವಾಸದಿಂದ ಬಳಲಿದ್ದ ಯಾರ್ಕ್, ವಾರ್ಪ್ ಎಂಬ ಧ್ವನಿಮುದ್ರಣ ಕಂಪನಿಯ ಏಫೆಕ್ಸ್ ಟ್ವಿನ್, ಆಟೆಕರ್ ಮುಂತಾದವರ ಎಲೆಕ್ಟ್ರಾನಿಕ್ ಸಂಗೀತದಲ್ಲಿ ಮುಳುಗಿದ್ದಾಗ, ತಾಳವನ್ನು ಡ್ರಮ್ ಮಷಿನ್ ನುಡಿಸಿದರೆ ಡ್ರಮ್ ವಾದಕನಿಗೆ, ಗಿಟಾರೇ ಬೇಡವಾದರೆ ಗಿಟಾರ್ ವಾದಕನಿಗೆ ಏನು ಕೆಲಸವೆಂಬ ಪ್ರಶ್ನೆ ಉಳಿದವರನ್ನು ಕಾಡಿ, ತಂಡ ಒಡೆಯುವ ಹಂತಕ್ಕೂ ಹೋಗಿತ್ತು. ಕೇಳುಗರ ಸಿಟ್ಟಿನ ಬೇರೂ ಇಲ್ಲಿಯೇ ಇದ್ದಂತಿದೆ. ಅವರು ಮುನಿದದ್ದು ಯಂತ್ರದ ಮೇಲಲ್ಲ, ರಾಕ್ ಸಂಗೀತದಲ್ಲಿ ಎಲೆಕ್ಟ್ರಾನಿಕ್ ವಾದ್ಯಗಳೇನೂ ಹೊಸವಾಗಿರಲಿಲ್ಲ. ತಮಗಾಗಿಯೇ ಹಾಡುತ್ತಿದೆಯೆಂದುಕೊಂಡಿದ್ದ ದನಿ ಮುಖ ಮರೆಸಿಕೊಂಡದ್ದು ಅವರಿಗೆ ಸಹಿಸಲಾಗಲಿಲ್ಲ.

ವಿಮರ್ಶಕರೂ ಒಮ್ಮತಕ್ಕೆ ಬರಲಿಲ್ಲ. ಲಂಡನ್ನಿನ ಹಳೆಯ ವಾರಪತ್ರಿಕೆ ‘ಮೆಲಡಿ ಮೇಕರ್’ ಐದರಲ್ಲಿ ಒಂದೂವರೆ ಅಂಕ ಕೊಟ್ಟು ಕೈತೊಳೆದುಕೊಂಡರೆ, ಅಮೆರಿಕದ ‘ಪಿಚ್‌ಫೋರ್ಕ್’ ಹತ್ತಕ್ಕೆ ಹತ್ತು ಕೊಟ್ಟು ಹಾಡಿಹೊಗಳಿತು. ‘ನ್ಯೂಯಾರ್ಕರ್’ ಪತ್ರಿಕೆಯಲ್ಲಿ ಕಾದಂಬರಿಕಾರ ನಿಕ್ ಹಾರ್ನ್‌ಬಿ ಎತ್ತಿದ ಆಕ್ಷೇಪವೇ ಇವೆಲ್ಲಕ್ಕಿಂತ ತೂಕದ್ದು: ಈ ಸಂಗೀತ ಕೇಳುವವರಿಂದ ಬಯಸುವ ತಾಳ್ಮೆ ಮತ್ತು ನಿಷ್ಠೆ, ದುಡಿದು ಸಂಬಳ ತರುವ ವಯಸ್ಸಿನವರಲ್ಲಿ ಉಳಿದಿರುವುದು ಅಪರೂಪವೆಂದು ಅವರು ವಾದಿಸಿದರು.

ಹಾರ್ನ್‌ಬಿ ಅವರ ಮಾತನ್ನು ತಿರುಗಿಸಿ ನೋಡಿದರೆ ಇನ್ನೊಂದು ಸಂಗತಿ ಕಾಣುತ್ತದೆ. ಹಾಗೆ ಕೇಳುವ ಅವಕಾಶ ವಿಮರ್ಶಕರಿಗಿಂತ ಅಭಿಮಾನಿಗಳಿಗೇ ಹೆಚ್ಚಾಗಿ ಒದಗಿತ್ತು. 2000ದ ಬೇಸಿಗೆಯ ಯುರೋಪ್ ಕಛೇರಿಗಳಲ್ಲೇ ತಂಡ ಹೊಸ ಹಾಡುಗಳನ್ನು ನುಡಿಸಿದ್ದರಿಂದ, ಸಭಿಕರು ಮಾಡಿಕೊಂಡ ಧ್ವನಿಮುದ್ರಣಗಳು ಕೈಯಿಂದ ಕೈಗೆ ಹರಿದವು. ಬಿಡುಗಡೆಗೆ ಮೊದಲೇ ಇಡೀ ಆಲ್ಬಮ್, ಕೇಳುಗರು ತಮ್ಮತಮ್ಮಲ್ಲೇ ಹಾಡುಗಳ ಕಡತಗಳನ್ನು ಹಂಚಿಕೊಳ್ಳುತ್ತಿದ್ದ ನ್ಯಾಪ್‌ಸ್ಟರ್ ಜಾಲಕ್ಕೆ ಸೋರಿಹೋಯಿತು. ಪ್ರಚಾರಕ್ಕೆ ಬಿಡಿ ಹಾಡಾಗಲಿ ವಾಡಿಕೆಯ ವಿಡಿಯೊ ಆಗಲಿ ಇಲ್ಲದೆಯೂ ಅದು ಬ್ರಿಟನ್ ಮತ್ತು ಅಮೆರಿಕ ಎರಡೂ ಕಡೆ ಮಾರಾಟದಲ್ಲಿ ಮೊದಲ ಸ್ಥಾನಕ್ಕೇರಿದ್ದರ ಹಿಂದೆ ಈ ಮುಂಚಿನ ಪರಿಚಯದ ಪಾಲೂ ಇದ್ದಿರಬೇಕು.

ಈ ಹಾಡುಗಳು ವೇದಿಕೆಯ ಮೇಲೆ ಹೇಗೆ ಆಪ್ತವಾದವು ಎಂಬುದಕ್ಕೆ ‘ಕಿಡ್ ಎ’ಯ ‘ಇಡಿಯೊಟೆಕ್’ ಒಳ್ಳೆಯ ನಿದರ್ಶನ. ಅದರ ಬೆನ್ನೆಲುಬಾದ ನಾಲ್ಕು ಸ್ವರಗುಚ್ಛಗಳು ಸಂಗೀತ ರಚನಕಾರ ಪಾಲ್ ಲ್ಯಾನ್ಸ್ಕಿ 1973ರಲ್ಲಿ ಕಂಪ್ಯೂಟರಿನಲ್ಲಿ ರಚಿಸಿದ ಕೃತಿಯೊಂದರಿಂದ ತೆಗೆದ ಸ್ಯಾಂಪಲ್, ಎಂದರೆ ಬೇರೆ ಮುದ್ರಣದಿಂದ ಕತ್ತರಿಸಿ ತಂದ ತುಣುಕು. ಆಲ್ಬಮ್ಮಿನಲ್ಲಿ ತಣ್ಣಗೆ, ನಿರ್ಭಾವವಾಗಿ ಕೇಳಿಸುವ ಇದೇ ಹಾಡು ವೇದಿಕೆಯಲ್ಲಿ ಬೇರೆಯೇ ಆಯಿತು: ತಂಡದ ಗಿಟಾರ್ ವಾದಕ ಜಾನಿ ಗ್ರೀನ್‌ವುಡ್ ಸಿಂಥಸೈಜರಿನ ತಂತಿಗಳನ್ನು ಕಿತ್ತು ಜೋಡಿಸುತ್ತ ತಾಳ ಎಬ್ಬಿಸುವುದು, ಯಾರ್ಕ್ ಮೈಮರೆತು ಕುಣಿಯುವುದು ಜನರ ಕಣ್ಣೆದುರೇ ನಡೆಯಿತು, ಯಂತ್ರದ ಹಿಂದೆ ಕೈಗಳಿವೆಯೆಂಬುದು ಖಾತ್ರಿಯಾಯಿತು.

ಎಲ್ಲರೂ ಒಲಿದರೆಂದಲ್ಲ. ದಶಕದ ಕೊನೆಗೆ ‘ರೋಲಿಂಗ್ ಸ್ಟೋನ್’ ಇದನ್ನೇ ಆ ದಶಕದ ಅತ್ಯುತ್ತಮ ಆಲ್ಬಮ್ ಎಂದು ಆರಿಸಿದಾಗಲೂ, 1995ರ ‘ದಿ ಬೆಂಡ್ಸ್’ ತಂಡದ ನಿಜವಾದ ಶಿಖರವೆಂದು ಪಟ್ಟುಹಿಡಿದ ಹಳೆಯ ಅಭಿಮಾನಿಗಳಿದ್ದರು. ಗಂಟಲು ತೆರೆದು ಜೊತೆಗೆ ಹಾಡಬಲ್ಲ ಹಾಡುಗಳನ್ನು ಬಯಸಿದ ಅವರಿಗೆ ‘ಕಿಡ್ ಎ’ ಅಂಥದ್ದನ್ನು ನಿಜಕ್ಕೂ ಕೊಡಲಿಲ್ಲವಾದ್ದರಿಂದ, ಅವರ ದೂರನ್ನು ಬರೀ ಹಟವೆಂದು ತಳ್ಳಿಹಾಕಲು ಬರುವುದಿಲ್ಲ.