ಸ್ಯಾಕ್ಸೊಫೋನಿನ ತಾರಸ್ಥಾಯಿಯೂ ತುಟಿಯ ಆರೋಗ್ಯವೂ

ಪಾಶ್ಚಾತ್ಯ ಬ್ಯಾಂಡಿನ ಸ್ಯಾಕ್ಸೊಫೋನನ್ನು ಕರ್ನಾಟಕ ಸಂಗೀತದ ಶ್ರುತಿಗೆ ಒಗ್ಗಿಸಿದವರು ಕದ್ರಿ ಗೋಪಾಲನಾಥರು. ನಾಗಸ್ವರ ವಿದ್ವಾಂಸರ ಮಗನಾದ ಅವರು ಮೈಸೂರು ಅರಮನೆಯ ಬ್ಯಾಂಡಿನಲ್ಲಿ ಈ ವಾದ್ಯವನ್ನು ಕೇಳಿ ಮನಸೋತರು; ಮಂಗಳೂರಿನ ಕಲಾನಿಕೇತನದ ಗೋಪಾಲಕೃಷ್ಣ ಅಯ್ಯರ್ ಅವರಲ್ಲಿ ಪಾಠ ಕಲಿತರು. 1994ರಲ್ಲಿ ಲಂಡನ್ನಿನ ಬಿ.ಬಿ.ಸಿ. ಪ್ರಾಮ್ಸ್ ಉತ್ಸವದಲ್ಲಿ ನುಡಿಸಿದ ಅವರು 2019ರಲ್ಲಿ ತೀರಿಕೊಂಡರು.

ಅವರ ವಾದ್ಯ ಆಲ್ಟೊ. ಅದಕ್ಕಿಂತ ಚಿಕ್ಕದಾದ, ಸಾಮಾನ್ಯವಾಗಿ ನೆಟ್ಟಗಿರುವ ಸೊಪ್ರಾನೊ ಇನ್ನೂ ಹಟಮಾರಿ. ಮೇಲಿನ ಸ್ವರಗಳಿಗೆ ಹೋದಂತೆ ಕೊಳವೆಯಲ್ಲಿ ಉಳಿಯುವ ಗಾಳಿಯ ಕಂಬ ಗಿಡ್ಡದಾಗುತ್ತದೆ. ಆಗ ತುಟಿಯ ಅತ್ಯಲ್ಪ ಬಿಗಿತವೂ ಶ್ರುತಿಯನ್ನು ಏರಿಸಿಬಿಡುತ್ತದೆ. ಮಂದ್ರದಲ್ಲಿ ಪೈಸೆಯಷ್ಟಿದ್ದ ತಪ್ಪು ತಾರದಲ್ಲಿ ರೂಪಾಯಿಯಾಗುತ್ತದೆ ಎನ್ನಬಹುದು.

ಹೊಸಬರು ಮಾಡುವುದು ಇದಕ್ಕೆ ತದ್ವಿರುದ್ಧ. ಸ್ವರ ಮೇಲಕ್ಕೆ ಹೋಗಬೇಕೆಂದು ದವಡೆಯಿಂದ ರೀಡನ್ನು ಕಚ್ಚುತ್ತಾರೆ. ಸ್ವರ ಕೀರಲಾಗಿ, ತಂಬೂರಿಗಿಂತ ಮೇಲೆ ನಿಲ್ಲುತ್ತದೆ. ಕೆಳದುಟಿಯ ಒಳಮೈಯಲ್ಲಿ ಹಲ್ಲಿನ ಗಾಯ, ದವಡೆಯ ಕೀಲಿನಲ್ಲಿ ನೋವು ಇದರ ಬಡ್ಡಿ. ಎಷ್ಟೋ ಮಂದಿ ಕಿವಿಯನ್ನು ಶಂಕಿಸಿ ವಾದ್ಯವನ್ನೇ ಕೈಬಿಡುತ್ತಾರೆ. ತಪ್ಪು ಕಿವಿಯದಲ್ಲ, ಹಲ್ಲಿನದು.

ಪರಿಹಾರ ಸರಳ, ಆದರೆ ನಿಧಾನ. ಮೌತ್‌ಪೀಸನ್ನು ಮಾತ್ರ ಊದಿದರೆ ಸೊಪ್ರಾನೊದಲ್ಲಿ ಸುಮಾರು ಪಿಯಾನೊದ 'ಸಿ' ಸ್ವರ ಬರಬೇಕೆಂದು ಅನೇಕ ಶಿಕ್ಷಕರು ಹೇಳುತ್ತಾರೆ. ಅದಕ್ಕಿಂತ ಬಹಳ ಮೇಲಿದ್ದರೆ ಕಚ್ಚುತ್ತಿದ್ದೇವೆಂದೇ ಅರ್ಥ. ಬಳಿಕ ಅತಿ ಕೆಳಗಿನ ಸ್ವರದ ಬೆರಳುಗಳನ್ನು ಕದಲಿಸದೆ, ನಾಲಗೆಯ ಹಿಂಭಾಗವನ್ನು 'ಈ' ಎನ್ನುವಾಗಿನಂತೆ ಎತ್ತಿ, ಉಸಿರಿನ ವೇಗದಿಂದಲೇ ಅದರ ಮೇಲಿನ ಸ್ಥಾಯಿಯನ್ನು, ಅನಂತರ ಅದರ ಪಂಚಮವನ್ನು ಹೊರಡಿಸಬೇಕು. ತುಟಿ ರೀಡಿಗೆ ಮೆತ್ತೆಯಂತಿರಲಿ. ತುಟಿ ಸೋತಾಗ ವಿಶ್ರಾಂತಿ ಕಡ್ಡಾಯ. ದವಡೆಯ ನೋವು ಉಳಿದರೆ ವೈದ್ಯರಿಗೆ ತೋರಿಸಬೇಕು.

ಅಹಮದಾಬಾದಿನ ಬೋಪಲ್‌ನಲ್ಲಿ ನೆಲೆಸಿದ ನಮ್ಮವರ ಮಕ್ಕಳಿಗೆ ಮತ್ತೊಂದು ತೊಡಕು, ಬಿಸಿಲು. ಗಾಳಿ ಬಿಸಿಯಾದರೆ ಶಬ್ದದ ವೇಗ ಹೆಚ್ಚಿ, ಊದುವ ವಾದ್ಯದ ಶ್ರುತಿ ಏರುತ್ತದೆ. ಅದೇ ಸೆಕೆಯಲ್ಲಿ ತಂಬೂರಿಯ ತಂತಿ ಸಡಿಲಗೊಂಡು ಇಳಿಯುತ್ತದೆ. ಮೇ ತಿಂಗಳಲ್ಲಿ ವಾದ್ಯವನ್ನು ಊದಿ ಬೆಚ್ಚಗಾಗಿಸಿದ ಮೇಲೆಯೇ ಶ್ರುತಿ ಸೇರಿಸಿ, ಬೇಕಾದರೆ ಮೌತ್‌ಪೀಸನ್ನು ಕಾರ್ಕಿನ ಮೇಲೆ ಕೂದಲೆಳೆಯಷ್ಟು ಹೊರಕ್ಕೆ ಸರಿಸಿದರಾಯಿತು.