ಆಟ ಕಟ್ಟುವವರ ಕಥೆ

ಬೆಳಗಿನ ಏಳೂವರೆಗೆ ಗೊರಗುಂಟೆಪಾಳ್ಯದ ವೃತ್ತದಲ್ಲಿ ನಿಂತವರಿಗೆ ಈ ನೋಟ ಪರಿಚಿತವೇ. ತುಮಕೂರು ರಸ್ತೆಯಲ್ಲಿ ಪೀಣ್ಯದ ಕಡೆಗೆ ಜನಪ್ರವಾಹ ಹರಿಯುತ್ತಿರುತ್ತದೆ. ಸಿದ್ಧ ಉಡುಪಿನ ಕಾರ್ಖಾನೆಗೆ ಧಾವಿಸುವ ಹೆಣ್ಣುಮಕ್ಕಳು, ಊಟದ ಡಬ್ಬಿ ಹಿಡಿದ ಲೇತ್ ಕೆಲಸಗಾರರು. ನಮ್ಮ ಅನೇಕ ಕುಟುಂಬಗಳ ಅನ್ನ ಈ ರಸ್ತೆಯಿಂದಲೇ ಬರುತ್ತದೆ. ಕಳೆದ ತಿಂಗಳ ಒಂದು ಭಾನುವಾರ ಬಲಿಪೂಜೆ ಮುಗಿದ ಮೇಲೆ ಅಂಥ ಕುಟುಂಬದ ತಾಯಿಯೊಬ್ಬರು ನಮ್ಮನ್ನು ಕಂಡರು. ಮಗನಿಗೆ ಪಿಯುಸಿಯಲ್ಲಿ ಒಳ್ಳೆಯ ಅಂಕಗಳು ಬಂದಿವೆ. ಆದರೆ ಇಂಜಿನಿಯರಿಂಗ್ ಬೇಡ, ವಿಡಿಯೋ ಗೇಮ್‌ಗಳ ಚಿತ್ರಕಲೆ ಕಲಿಯುತ್ತೇನೆ ಎಂದು ಹಟ ಹಿಡಿದಿದ್ದಾನೆ. "ಫಾದರ್, ಆಟ ಆಡಿ ಹಾಳಾದವರನ್ನು ನೋಡಿದ್ದೇವೆ. ಆಟ ಮಾಡಿ ಉದ್ಧಾರವಾದವರು ಇದ್ದಾರೆಯೇ?" ಎಂಬುದು ಅವರ ಪ್ರಶ್ನೆ.

ಥಟ್ಟನೆ ಉತ್ತರಿಸಲು ನಮ್ಮಿಂದಾಗಲಿಲ್ಲ. ಗುರುಮಠದಲ್ಲಿ ತತ್ವಶಾಸ್ತ್ರ ಕಲಿತ ನಮಗೆ ಗಣಕಯಂತ್ರದ ಆಟಗಳ ಗಂಧವೂ ಇರಲಿಲ್ಲ. ಎರಡು ವಾರ ಓದಿ, ಬಲ್ಲವರನ್ನು ವಿಚಾರಿಸಿದ ನಂತರ ತಿಳಿದುಬಂದದ್ದನ್ನು ಇಲ್ಲಿ ಬರೆಯುತ್ತಿದ್ದೇವೆ. ಇದೇ ಪ್ರಶ್ನೆ ಇನ್ನೂ ಕೆಲವು ಮನೆಗಳಲ್ಲಿ ಇರಬಹುದು.

ಮೊದಲು ಒಂದು ಗೊಂದಲ ತೀರಲಿ. ಆ ತಾಯಿಯ ಮನಸ್ಸಿನಲ್ಲಿದ್ದದ್ದು ಹಣವನ್ನು ಪಣಕ್ಕಿಟ್ಟು ಆಡುವ ರಮ್ಮಿಯಂಥ ಆಟ. ಅದು ಮನೆಗಳನ್ನು ಮುರಿದಿದೆ. ಅಂಥ ಅಂತರ್ಜಾಲ ಆಟಗಳನ್ನು ಸಂಸತ್ತು 2025ರ ಆಗಸ್ಟ್‌ನಲ್ಲಿ ಶಾಸನದ ಮೂಲಕ ನಿಷೇಧಿಸಿತು. ಹುಡುಗ ಕೇಳುತ್ತಿರುವುದು ಬೇರೆಯೇ ವಿದ್ಯೆ. ಅದಕ್ಕೆ ನಮ್ಮ ಬೆಂಗಳೂರಿನಲ್ಲಿಯೇ ಸುಮಾರು ಮೂರು ದಶಕಗಳ ಇತಿಹಾಸವಿದೆ.

1997ರಲ್ಲಿ ರಾಜೇಶ್ ರಾವ್ ಎಂಬವರು ಬೆಂಗಳೂರಿನಲ್ಲಿ 'ಧ್ರುವ ಇಂಟರ್‌ಆಕ್ಟಿವ್' ಎಂಬ ಪುಟ್ಟ ಸಂಸ್ಥೆಯನ್ನು ಆರಂಭಿಸಿದರು. ದೇಶದ ಮೊಟ್ಟಮೊದಲ ಆಟ ತಯಾರಿಕಾ ಸಂಸ್ಥೆಗಳಲ್ಲಿ ಅದೂ ಒಂದು. ಕೊಳ್ಳುವವರೂ ಇಲ್ಲದ, ಕಲಿಸುವ ಶಾಲೆಯೂ ಇಲ್ಲದ ಕಾಲವದು. ಫ್ರಾನ್ಸಿನ ಇನ್ಫೋಗ್ರಾಮ್ಸ್ ಸಂಸ್ಥೆಗಾಗಿ 'ಮಿಷನ್ ಇಂಪಾಸಿಬಲ್' ಆಟವನ್ನು ಕಂಪ್ಯೂಟರಿಗೆ ಅಳವಡಿಸುವ ಕೆಲಸ ಅವರಿಗೆ ದೊರೆಯಿತು. ಆ ಕಂಪ್ಯೂಟರ್ ಆಟ ಕೊನೆಗೂ ಮಾರುಕಟ್ಟೆಗೆ ಬರಲೇ ಇಲ್ಲ. ಮೊದಲ ಬೆಳೆಯೇ ಕೊಯ್ಲಿಗೆ ಬಾರದೆ ಹೋದ ರೈತನ ಸ್ಥಿತಿ ಎನ್ನಬಹುದು. ಆದರೆ ಸಂಸ್ಥೆ ಮುಚ್ಚಲಿಲ್ಲ. ಇಡೀ ಆಟವನ್ನು ಮಾಡುವ ಬದಲು, ಪರರು ಮಾಡುತ್ತಿದ್ದ ಆಟಗಳಿಗೆ ಬೇಕಾದ ವಸ್ತುಗಳನ್ನು ಚಿತ್ರಿಸಿ ಕೊಡುವ ಮಾರ್ಗವನ್ನು ಅದು ಹಿಡಿಯಿತು.

ಇದೇನೆಂದು ಸ್ವಲ್ಪ ವಿವರಿಸಬೇಕು. ಆಟದಲ್ಲಿ ಒಂದು ಕಾರು ಓಡುತ್ತದೆ ಎನ್ನೋಣ. ನಿಜವಾದ ಕಾರಿನ ನೂರಾರು ಛಾಯಾಚಿತ್ರಗಳನ್ನು ಎದುರಿಗಿಟ್ಟುಕೊಂಡು ಕಲಾವಿದ ಅದರ ಆಕಾರವನ್ನು ಸಣ್ಣ ಸಣ್ಣ ತ್ರಿಕೋನಗಳಿಂದ ಪರದೆಯ ಮೇಲೆ ಕಟ್ಟುತ್ತಾನೆ. ಹಳೆಯ ಆಟಗಳಲ್ಲಿ ಕೆಲವು ನೂರು ತ್ರಿಕೋನಗಳಿಗೆ ಒಂದು ಕಾರು ಮುಗಿಯುತ್ತಿತ್ತು. ಯಂತ್ರಗಳ ಶಕ್ತಿ ಹೆಚ್ಚಿದಂತೆ ಆ ಸಂಖ್ಯೆ ಲಕ್ಷಗಳನ್ನು ಮುಟ್ಟಿತು. ಆಕಾರದ ನಂತರ ಮೇಲ್ಮೈ: ಬಣ್ಣದ ಹೊಳಪು, ಟೈರಿನ ಧೂಳು, ಸೀಟಿನ ಹೊಲಿಗೆ, ಹಿಡಿಕೆಯಲ್ಲಿ ಕೈತಾಗಿ ಸವೆದ ಭಾಗ. ಸವಕಳಿಯನ್ನು ಚಿತ್ರಿಸಬಲ್ಲವನೇ ಈ ವಿದ್ಯೆಯಲ್ಲಿ ನಿಪುಣನಂತೆ. ಹೊಸ ವಸ್ತುವನ್ನು ಯಾರೂ ಬರೆದಾರು. ಒಂದು ಕಾರಿಗೆ ವಾರಗಟ್ಟಲೆ ದುಡಿಮೆ ಬೇಕು, ಒಂದು ಆಟಕ್ಕೆ ನೂರಾರು ಕಾರುಗಳು ಬೇಕು. ಪಾಶ್ಚಾತ್ಯ ಸಂಸ್ಥೆಗಳಿಗೆ ಇಷ್ಟು ಕೈಗಳನ್ನು ತಮ್ಮಲ್ಲೇ ಇಟ್ಟುಕೊಳ್ಳುವುದು ದುಬಾರಿಯಾಯಿತು. ಮೈಕ್ರೋಸಾಫ್ಟ್‌ನ 'ಫೋರ್ಜಾ' ಎಂಬ ಪ್ರಸಿದ್ಧ ಮೋಟಾರು ಪಂದ್ಯದ ಆಟಗಳಲ್ಲಿ ಓಡಿದ ಅನೇಕ ಕಾರುಗಳು ಹೀಗೆ ಬೆಂಗಳೂರಿನಲ್ಲಿ ರೂಪುಗೊಂಡವು.

ಓದುಗರೇ, ಇದು ನಮಗೆ ಹೊಸದೇ? ಪೀಣ್ಯದ ಶೆಡ್ಡುಗಳಲ್ಲಿ ನಮ್ಮವರು ದಶಕಗಳಿಂದ ಮಾಡುತ್ತಿರುವುದು ಇದನ್ನೇ. ಅದನ್ನು ನಾವು 'ಜಾಬ್ ವರ್ಕ್' ಎನ್ನುತ್ತೇವೆ. ಶಾಫ್ಟನ್ನು ಕಡೆದವನ ಹೆಸರು ಎಂಜಿನ್ನಿನ ಮೇಲೆ ಇರುವುದಿಲ್ಲ. ಒಂದು ಕೂದಲೆಳೆ ತಪ್ಪಿದರೂ ಮಾಲು ಹಿಂದಿರುಗಿ ಬರುತ್ತದೆ; ಸರಿಯಾಗಿದ್ದರೆ ಮುಂದಿನ ತಿಂಗಳೂ ಕೆಲಸವಿರುತ್ತದೆ, ಅಷ್ಟೇ. ಧ್ರುವ ಬೆಳೆದದ್ದು ಈ ಶಿಸ್ತಿನಿಂದ. ಬೆರಳೆಣಿಕೆಯ ಜನರಿಂದ ಆರಂಭವಾದ ಸಂಸ್ಥೆಯಲ್ಲಿ 2016ರ ಹೊತ್ತಿಗೆ ಸುಮಾರು 300 ಮಂದಿ ದುಡಿಯುತ್ತಿದ್ದರು.

ನಡುವೆ ಸ್ವಂತದ್ದೊಂದನ್ನು ಮಾಡುವ ಆಸೆ ಇರಲಿಲ್ಲವೆಂದಲ್ಲ. ಮೊಬೈಲ್ ಆಟಗಳಿಗಾಗಿ ಚಾರ್ಲಿ ಚಾಪ್ಲಿನ್‌ರ ರೂಪವನ್ನು ಬಳಸುವ ಹಕ್ಕನ್ನೇ ಈ ಬೆಂಗಳೂರಿನ ಪುಟ್ಟ ಸಂಸ್ಥೆ ಕೊಂಡಿತ್ತು. ಅಮೆರಿಕದ ಪತ್ರಕರ್ತ ಥಾಮಸ್ ಫ್ರೀಡ್‌ಮನ್ 2005ರ ತಮ್ಮ ಹೆಸರಾಂತ ಪುಸ್ತಕದಲ್ಲಿ ಇದನ್ನು ಬೆರಗಿನಿಂದ ದಾಖಲಿಸಿದ್ದಾರೆ. ಆದರೂ ಹೊಟ್ಟೆ ತುಂಬಿಸಿದ್ದು ಜಾಬ್ ವರ್ಕೇ.

ಮುಂದಿನ ಭಾಗ ಅಷ್ಟು ಸರಳವಲ್ಲ. 2016ರ ಡಿಸೆಂಬರ್‌ನಲ್ಲಿ ಸ್ವೀಡನ್ನಿನ ಸ್ಟಾರ್‌ಬ್ರೀಜ್ ಸಂಸ್ಥೆ ಸುಮಾರು 85 ಲಕ್ಷ ಡಾಲರಿಗೆ ಧ್ರುವದ ಶೇಕಡಾ 90ಕ್ಕೂ ಮಿಕ್ಕ ಪಾಲನ್ನು ಕೊಳ್ಳಲು ಒಪ್ಪಂದ ಮಾಡಿಕೊಂಡಿತು. ಎರಡೇ ವರ್ಷಗಳಲ್ಲಿ, ತನ್ನದೇ ಒಂದು ದೊಡ್ಡ ಆಟ ಸೋತು, ಆ ಒಡೆಯನೇ ಹಣಕಾಸಿನ ಸಂಕಷ್ಟಕ್ಕೆ ಸಿಲುಕಿದ. 2019ರ ಮೇ ತಿಂಗಳಲ್ಲಿ ರಾಕ್‌ಸ್ಟಾರ್ ಗೇಮ್ಸ್ ಸಂಸ್ಥೆ ಧ್ರುವವನ್ನು 79 ಲಕ್ಷ ಡಾಲರಿಗೆ ಕೊಂಡು, ಬೆಂಗಳೂರಿನ ತನ್ನ ಶಾಖೆಯಲ್ಲಿ ವಿಲೀನಗೊಳಿಸಿತು. ಬೆಲೆ ಇಳಿದದ್ದಕ್ಕೆ ಕಾರಣ ಇಲ್ಲಿನ ಕೆಲಸವಲ್ಲ, ದೂರದ ಒಡೆಯನ ಅವಸರ. ಇಪ್ಪತ್ತೆರಡು ವರ್ಷ ಬಾಳಿದ ಹೆಸರು ಅಲ್ಲಿಗೆ ಮುಗಿಯಿತು. ಕೆಲಸಗಾರರು ಮಾತ್ರ ಹೊಸ ಫಲಕದಡಿ ಕೆಲಸ ಮುಂದುವರಿಸಿದರು.

ಹೆಸರು ಸ್ವಂತದ್ದಾಗಿದ್ದರೆ ಉಳಿಯುತ್ತಿತ್ತೇ ಎಂದು ಕೇಳಬಹುದು. ಜಾಲಹಳ್ಳಿಯ ಎಚ್.ಎಂ.ಟಿ. ನಮ್ಮ ನೆರೆಯದೇ. 1961ರಲ್ಲಿ ಅಲ್ಲಿ ಕೈಗಡಿಯಾರಗಳ ತಯಾರಿಕೆ ಆರಂಭವಾಯಿತು. ಮದುವೆಯಲ್ಲಿ ಅಳಿಯನಿಗೆ ಕಟ್ಟುತ್ತಿದ್ದದ್ದು ಅದನ್ನೇ. ಆ ಗಡಿಯಾರ ಕಂಪನಿಯನ್ನು ಮುಚ್ಚಲು ಕೇಂದ್ರ ಸರ್ಕಾರ ಒಪ್ಪಿಗೆ ಕೊಟ್ಟದ್ದು 2016ರಲ್ಲಿ. ಸ್ವಂತ ಹೆಸರೂ ರಕ್ಷೆಯಲ್ಲ.

ಇನ್ನೊಂದು ದಾರಿಯೂ ಕರ್ನಾಟಕದಲ್ಲೇ ಇದೆ. ಉಡುಪಿಯ ರೋಹಿತ್ ಭಟ್ 1996ರಲ್ಲಿ ರೋಬೋಸಾಫ್ಟ್ ಸಂಸ್ಥೆಯನ್ನು ಕಟ್ಟಿ ಪರರಿಗಾಗಿ ತಂತ್ರಾಂಶ ಬರೆಸಿದರು. ಅಲ್ಲಿಂದಲೇ '99 ಗೇಮ್ಸ್' ಹುಟ್ಟಿತು. 'ಧೂಮ್ 3' ಚಿತ್ರದ ಆಟ 2013ರಲ್ಲಿ, ಅಡುಗೆಮನೆ ನಡೆಸುವ 'ಸ್ಟಾರ್ ಶೆಫ್' 2014ರಲ್ಲಿ ಉಡುಪಿಯಿಂದ ಹೊರಬಂದವು. ಬೆಂಗಳೂರೇ ಬೇಕೆಂದೂ ಇಲ್ಲ. ಕರ್ನಾಟಕ ಸರ್ಕಾರ 2012ರಲ್ಲೇ ಆನಿಮೇಷನ್ ಮತ್ತು ಆಟಗಳಿಗಾಗಿ ಪ್ರತ್ಯೇಕ ನೀತಿ ರೂಪಿಸಿತು ಎಂಬುದನ್ನೂ ತಂದೆತಾಯಿಗಳು ತಿಳಿದಿರಲಿ.

ಆದರೆ ತಾಯಿಯ ಪ್ರಶ್ನೆಯ ಆಳದಲ್ಲಿ ಇನ್ನೊಂದು ಪ್ರಶ್ನೆಯಿತ್ತು: ಇದು ಮರ್ಯಾದೆಯ ದುಡಿಮೆಯೇ? ಹದಿಮೂರನೆಯ ಶತಮಾನದಲ್ಲಿ ಸಂತ ತೋಮಾಸ್ ಅಕ್ವೀನಾಸರು ವಿನೋದವನ್ನೇ ಜೀವನೋಪಾಯ ಮಾಡಿಕೊಂಡ ನಟರ ಬಗ್ಗೆ ವಿಚಾರ ಮಾಡಿದ್ದಾರೆ. ದಣಿದ ಮನಸ್ಸಿಗೆ ಆಟ ಅಗತ್ಯ, ಆದ್ದರಿಂದ ಅದನ್ನು ಒದಗಿಸುವ ವೃತ್ತಿ ಸ್ವತಃ ಪಾಪವಲ್ಲ, ಮಿತಿಯೊಳಗಿರಬೇಕು ಎಂಬುದು ಅವರ ನಿಲುವು. ನಮ್ಮ ತೊಡಕಿರುವುದು ಆ ಮಿತಿಯಲ್ಲಿ. ರಾಕ್‌ಸ್ಟಾರ್ ಸಂಸ್ಥೆಯ 'ಗ್ರ್ಯಾಂಡ್ ಥೆಫ್ಟ್ ಆಟೋ' ಆಟಗಳಲ್ಲಿ ಆಡುವವನೇ ಅಪರಾಧಿಯ ಪಾತ್ರಧಾರಿ. ಅವು ವಯಸ್ಕರಿಗೆ ಮಾತ್ರ ಮೀಸಲು, ಆದರೆ ಹನ್ನೆರಡರ ಹುಡುಗರ ಕೈಯಲ್ಲೂ ಅವನ್ನು ಕಂಡಿದ್ದೇವೆ. ಅಂಥ ಆಟದಲ್ಲಿ ಒಂದು ದೀಪದ ಕಂಬವನ್ನಷ್ಟೇ ಚಿತ್ರಿಸಿದವನ ಹೊಣೆ ಎಷ್ಟು? ಬಂದೂಕಿನ ಬೋಲ್ಟನ್ನು ಕಡೆದವನ ಹೊಣೆ ಎಷ್ಟೋ ಅಷ್ಟು, ಅಥವಾ ಇನ್ನೂ ಕಡಿಮೆ, ಎಂದು ನಮ್ಮ ಅನಿಸಿಕೆ. ನಮ್ಮ ಸಹೋದರ ಗುರುಗಳಲ್ಲಿ ಒಬ್ಬರು ಇದನ್ನು ಒಪ್ಪಲಿಲ್ಲ. ಕೆಲಸ ಆಯ್ದುಕೊಳ್ಳುವಾಗ ಬೇಡ ಎನ್ನಲು ಕಲಿಯದವನು ಮುಂದೆಯೂ ಎನ್ನಲಾರ ಎಂಬುದು ಅವರ ವಾದ. ಅದರಲ್ಲಿಯೂ ಹುರುಳಿದೆ. ಹುಡುಗನಿಗೆ ಎರಡೂ ಮಾತುಗಳನ್ನು ತಿಳಿಸಿದ್ದೇವೆ.

ತಿಳಿಸಲೆಂದು ಮನೆಗೇ ಹೋಗಿದ್ದೆವು. ರೈಲುಹಳಿಯ ಕಡೆಯ ಓಣಿಯಲ್ಲಿ ಎರಡು ಕೋಣೆಯ ಬಾಡಿಗೆ ಮನೆ. ತಂದೆ ಪೀಣ್ಯದ ಒಂದು ಶೆಡ್ಡಿನಲ್ಲಿ ಇಪ್ಪತ್ತಾರು ವರ್ಷಗಳಿಂದ ಲೇತ್ ನಡೆಸುವವರು; ಮಗನ ವಿಷಯದಲ್ಲಿ ಅದುವರೆಗೆ ಬಾಯಿ ತೆರೆದಿರಲಿಲ್ಲ. ಹುಡುಗ ಗೆಳೆಯನಿಂದ ತಂದ ಹಳೆಯ ಕಂಪ್ಯೂಟರಿನಲ್ಲಿ ತಾನು ಕಟ್ಟಿದ್ದನ್ನು ನಮಗೆ ತೋರಿಸಿದ. ಅದು ತಂದೆಯದೇ ಲೇತ್. ಮೊಬೈಲಿನಲ್ಲಿ ಫೋಟೋ ತೆಗೆದು ತಂದು ಮಾಡಿದ್ದನಂತೆ; ಬೆರಳಾಡಿಸಿದಂತೆ ಪರದೆಯ ಮೇಲೆ ಸುತ್ತಲೂ ತಿರುಗುತ್ತಿತ್ತು.

ತಂದೆ ಬಹಳ ಹೊತ್ತು ನೋಡಿದರು. ಆಮೇಲೆ, "ಇದು ಶೋರೂಮಿನಿಂದ ಈಗ ತಂದ ಹಾಗಿದೆ. ನಮ್ಮದರಲ್ಲಿ ಈ ಹಿಡಿಚಕ್ರದ ಬಣ್ಣ ಹೋಗಿದೆ, ಇಲ್ಲಿ, ಹೆಬ್ಬೆಟ್ಟು ತಾಗುವ ಕಡೆ," ಎಂದು ಪರದೆಯ ಮೇಲೆ ಬೆರಳಿಟ್ಟರು. ಹುಡುಗ ಅಲ್ಲಿಯೇ ಕುಳಿತು ಅದನ್ನು ತಿದ್ದತೊಡಗಿದ. ತಂದೆ ಸ್ಟೂಲನ್ನು ಹತ್ತಿರಕ್ಕೆಳೆದುಕೊಂಡು, ಚಕ್ಕಿನ ದವಡೆಗಳಲ್ಲಿ ಯಾವುದು ಹೆಚ್ಚು ಸವೆದಿದೆ ಎಂದು ಹೇಳುತ್ತಾ ಹೋದರು. ನಾವು ಕಾಫಿ ಕುಡಿದು ಹೊರಟೆವು.