ಒಂದು ಚಿಟಿಕೆ ಧೂಳಿನಿಂದ ಜರೀಗಿಡ

ಜರೀಗಿಡವನ್ನು ನೀವೆಲ್ಲ ನೋಡಿರುತ್ತೀರಿ. ಹಳೆಯ ಬಾವಿಯ ಕಲ್ಲುಸಂದಿಯಲ್ಲಿ, ಕಲ್ಯಾಣಿಯ ಮೆಟ್ಟಿಲ ಪಕ್ಕದಲ್ಲಿ, ಮಳೆಗಾಲದ ಆಗುಂಬೆ, ಮಡಿಕೇರಿಯ ರಸ್ತೆಯಂಚಿನ ಧರೆಯಲ್ಲಿ ಅದು ಇದ್ದೇ ಇರುತ್ತದೆ. ಸುರುಳಿ ಸುತ್ತಿಕೊಂಡು ಹುಟ್ಟಿ, ನಿಧಾನವಾಗಿ ಬಿಚ್ಚಿಕೊಳ್ಳುವ ಎಲೆಯೇ ಅದರ ಗುರುತು. ಆದರೆ ಅದು ಹೂ ಬಿಟ್ಟದ್ದನ್ನು ಯಾರಾದರೂ ನೋಡಿದ್ದೀರಾ? ಕಾಯಿ? ಬೀಜ? ಇಲ್ಲವೇ ಇಲ್ಲ. ಸುಮಾರು 35 ಕೋಟಿ ವರ್ಷಗಳಿಂದ ಈ ವಂಶ ಹೂವು, ಬೀಜಗಳ ಗೊಡವೆಯಿಲ್ಲದೆ ನಡೆದುಬಂದಿದೆ. ಭೂಮಿಯ ಮೇಲೆ ಮೊದಲ ಹೂ ಅರಳುವ ಹೊತ್ತಿಗಾಗಲೇ ಜರೀಗಿಡ ಹಳೇ ಕುಳವಾಗಿತ್ತು.

ಬೀಜವಿಲ್ಲದೆ ಗಿಡ ಹೇಗೆ ಹುಟ್ಟೀತು ಎಂಬುದು ಯೂರೋಪಿನ ಜನರಿಗೂ ಶತಮಾನಗಳ ಕಾಲ ಒಗಟಾಗಿತ್ತು. ಬೀಜ ಇರಲೇಬೇಕು, ಆದರೆ ಅದು ಕಣ್ಣಿಗೆ ಕಾಣದ್ದು. ಅದನ್ನು ಜೇಬಿನಲ್ಲಿಟ್ಟುಕೊಂಡವನೂ ಯಾರ ಕಣ್ಣಿಗೂ ಕಾಣುವುದಿಲ್ಲ ಎಂದು ಅಲ್ಲಿನವರು ನಂಬಿದ್ದರು. ಷೇಕ್ಸ್‌ಪಿಯರನ 'ನಾಲ್ಕನೇ ಹೆನ್ರಿ' ನಾಟಕದ ಮೊದಲ ಭಾಗದಲ್ಲಿ ಕಳ್ಳನೊಬ್ಬ ಇದೇ ಜಂಬ ಕೊಚ್ಚುತ್ತಾನೆ. ಒಗಟು ಬಿಡಿಸಿದವರಲ್ಲಿ ಮುಖ್ಯನಾದವನು ಜಮೈಕಾ ದ್ವೀಪದಲ್ಲಿದ್ದ ಜಾನ್ ಲಿಂಡ್ಸೆ ಎಂಬ ಶಸ್ತ್ರವೈದ್ಯ. ಎಲೆಯ ಬೆನ್ನಿನ ಧೂಳನ್ನು ಕುಂಡದ ಮಣ್ಣಿನ ಮೇಲೆ ಉದುರಿಸಿ, ಸೂಕ್ಷ್ಮದರ್ಶಕದಲ್ಲಿ ಮತ್ತೆ ಮತ್ತೆ ನೋಡಿ, ಅದು ಮೊಳೆಯುವುದನ್ನು ಕಂಡು, ಲಂಡನ್ನಿನ ಲಿನಿಯನ್ ಸೊಸೈಟಿಗೆ ಬರೆದು ಕಳಿಸಿದ. ಅದು ಅಚ್ಚಾದದ್ದು 1794ರಲ್ಲಿ.

ಲಿಂಡ್ಸೆ ಮಾಡಿದ್ದನ್ನು ನಾವೂ ಮನೆಯಲ್ಲಿ ಮಾಡಬಹುದು. ಖರ್ಚು ಹೆಚ್ಚೆಂದರೆ ಐವತ್ತು ರೂಪಾಯಿ. ಬೇಕಾದದ್ದು ತಾಳ್ಮೆ. ಅದು ಅಜ್ಜ-ಅಜ್ಜಿಯರ ಹತ್ತಿರ ಸ್ವಲ್ಪ ಹೆಚ್ಚು, ಮೊಮ್ಮಕ್ಕಳ ಹತ್ತಿರ ಸ್ವಲ್ಪ ಕಡಿಮೆ. ಇಬ್ಬರೂ ಸೇರಿದರೆ ಸರಿಹೋಗುತ್ತದೆ.

ಮೊದಲು ಎಲೆಯನ್ನು ತಿರುಗಿಸಿ ನೋಡಿ. ಬೆನ್ನ ಮೇಲೆ ಕಂದು ಚುಕ್ಕೆಗಳೋ ಗೆರೆಗಳೋ ಸಾಲಾಗಿ ಕಾಣುತ್ತವೆ. ಇದನ್ನು ರೋಗವೆಂದು ತಿಳಿದು ಒದ್ದೆ ಬಟ್ಟೆಯಲ್ಲಿ ಒರೆಸುವವರನ್ನು ನಾನು ಎಷ್ಟೋ ಕಡೆ ಕಂಡಿದ್ದೇನೆ. ಅವು ರೋಗವಲ್ಲ, ಗಿಡದ ಖಜಾನೆ. ಒಂದೊಂದು ಚುಕ್ಕೆಯಲ್ಲೂ ಹತ್ತಾರು ಪುಟ್ಟ ಚೀಲಗಳಿರುತ್ತವೆ. ಚೀಲದೊಳಗೆ ಸಾಮಾನ್ಯವಾಗಿ 16 ತಾಯಿಕೋಶಗಳು. ಒಂದೊಂದೂ ನಾಲ್ಕಾಗಿ ಒಡೆದು 64 ಬೀಜಾಣುಗಳಾಗುತ್ತವೆ. ಒಂದು ಎಲೆಗೆ ಎಷ್ಟು ಚುಕ್ಕೆ, ಚುಕ್ಕೆಗೆ ಎಷ್ಟು ಚೀಲ ಎಂದು ಗುಣಿಸುತ್ತ ಹೋದರೆ ಲೆಕ್ಕ ಲಕ್ಷಗಳನ್ನು ದಾಟುತ್ತದೆ. ಬ್ಯಾಂಕಿನಲ್ಲಿ ಲೆಡ್ಜರ್ ಬರೆದ ನನಗೆ ಈ ಲೆಕ್ಕ ಬಲು ಇಷ್ಟ. ಪ್ರತಿ ಚೀಲಕ್ಕೂ ಬೆನ್ನೆಲುಬಿನಂತೆ ಒಂದು ದಪ್ಪ ಪಟ್ಟಿಯಿದೆ. ಒಣಗಿದಂತೆಲ್ಲ ಅದು ಹಿಂದಕ್ಕೆ ಬಾಗುತ್ತ ಹೋಗಿ, ಕೊನೆಗೆ ಕವಣೆಯಂತೆ ಫಟ್ಟೆಂದು ಮುಂದಕ್ಕೆ ಬಡಿದು ಬೀಜಾಣುಗಳನ್ನು ಎಸೆಯುತ್ತದೆ. ಮುಂದಿನ ಸಾಗಾಣಿಕೆ ಗಾಳಿಯದು.

ಯಾವ ಗಿಡದಿಂದ ಶುರುಮಾಡಬೇಕು? ಹಳೆಯ ಇಟ್ಟಿಗೆ-ಗಾರೆ ಗೋಡೆಗಳಲ್ಲಿ, ಚರಂಡಿಯ ಅಂಚಿನಲ್ಲಿ ತಾನಾಗಿ ಬೆಳೆಯುವ ಟೆರಿಸ್ ವಿಟಾಟ ನನ್ನ ಆಯ್ಕೆ. ಏಣಿಯಂತೆ ಎರಡೂ ಕಡೆ ಉದ್ದುದ್ದ ಕಿರು ಎಲೆಗಳು. ಬೀಜಾಣು ಇರುವುದು ಅವುಗಳ ಅಂಚಿನುದ್ದಕ್ಕೂ. ಬೆಂಗಳೂರಿನಲ್ಲಿ ಹುಡುಕಿದರೆ ಯಾವ ಹಳೆಯ ಬಡಾವಣೆಯಲ್ಲೂ ಸಿಗುತ್ತದೆ. ಈ ಬಡಪಾಯಿ ಗೋಡೆಗಿಡ ಮಣ್ಣಿನಲ್ಲಿರುವ ಆರ್ಸೆನಿಕ್ ವಿಷವನ್ನು ಹೀರಿ ಎಲೆಯಲ್ಲಿ ತುಂಬಿಕೊಳ್ಳುತ್ತದೆ ಎಂದು 2001ರಲ್ಲಿ ಅಮೆರಿಕದ ಫ್ಲಾರಿಡಾದ ವಿಜ್ಞಾನಿಗಳು ತೋರಿಸಿಕೊಟ್ಟರು. ಮಣ್ಣು ಶುದ್ಧಿಗೆ ಒಳ್ಳೆಯದು, ಬಾಯಿಗಲ್ಲ. ಕೊಡಗಿನಲ್ಲಿ ಮಳೆಗಾಲದಲ್ಲಿ ಪಲ್ಯ ಮಾಡುವ ತೆರ್ಮೆ ಸೊಪ್ಪು ಬೇರೆ ಜಾತಿಯ ಜರೀಗಿಡ, ಗೊಂದಲ ಮಾಡಿಕೊಳ್ಳಬೇಡಿ. ನರ್ಸರಿಯಲ್ಲಿ ತೂಗುಬುಟ್ಟಿಯಲ್ಲಿ ಮಾರುವ ಬಾಸ್ಟನ್ ಜರೀಗಿಡ ಈ ಕೆಲಸಕ್ಕೆ ಆಗದು. ಅದು ಬಳ್ಳಿಯಂಥ ಕುಡಿ ಚಾಚಿ ಮರಿ ಹಾಕುತ್ತದೆಯೇ ಹೊರತು ಮೊಳೆಯುವ ಬೀಜಾಣು ಕೊಡುವುದು ಅಪರೂಪ.

ದಸರಾ ರಜೆ ಇದಕ್ಕೆ ಹೇಳಿ ಮಾಡಿಸಿದ ಕಾಲ. ಮಳೆಗಾಲದಲ್ಲಿ ಬಂದ ಎಲೆಗಳು ಆಗ ಬಲಿತಿರುತ್ತವೆ. ಚುಕ್ಕೆ ಹಸಿರಾಗಿದ್ದರೆ ಇನ್ನೂ ಕಾಯಿ. ಒಣಗಿ ಹರಿದಂತಿದ್ದರೆ ಹಕ್ಕಿ ಹಾರಿಹೋಗಿದೆ. ಮಿರುಗುವ ಕಂದು ಬಣ್ಣವಿದ್ದಾಗ ಒಂದೇ ಒಂದು ಎಲೆ ಕೊಯ್ಯಿರಿ. ಬಿಳಿ ಕಾಗದದ ಮೇಲೆ ಬೆನ್ನು ಕೆಳಗಾಗಿ ಇಟ್ಟು, ಮೇಲೊಂದು ಕಾಗದ ಮುಚ್ಚಿ, ಫ್ಯಾನ್ ಇಲ್ಲದ ಕೋಣೆಯಲ್ಲಿ ಎರಡು ದಿನ ಬಿಡಿ. ಎಲೆ ಎತ್ತಿದರೆ ಕಾಗದದ ಮೇಲೆ ಎಲೆಯದೇ ಚಿತ್ರ, ಕಂದು ಧೂಳಿನಲ್ಲಿ! ನನ್ನ ಮೊಮ್ಮಗಳು ಇದನ್ನು ಜರೀಗಿಡದ ಝೆರಾಕ್ಸ್ ಎನ್ನುತ್ತಾಳೆ. ಕಾಗದವನ್ನು ಸ್ವಲ್ಪ ಓರೆಮಾಡಿ ಬೆರಳಿನಿಂದ ತಟ್ಟಿದರೆ ಹೊಟ್ಟು ಜಾರಿ ಬೀಳುತ್ತದೆ, ಬೀಜಾಣು ಕಾಗದಕ್ಕೆ ಅಂಟಿ ಉಳಿಯುತ್ತದೆ.

ಸ್ವೀಟ್ ಅಂಗಡಿಯ ಪಾರದರ್ಶಕ ಡಬ್ಬಿಯಲ್ಲಿ ಎರಡು ಬೆರಳು ದಪ್ಪ ತೆಂಗಿನ ನಾರಿನ ಪುಡಿ ಹಾಕಿ, ಮೇಲೆ ಸ್ವಲ್ಪ ಇಟ್ಟಿಗೆ ಪುಡಿ ಉದುರಿಸಿ. ಈ ಪುಡಿಗಳನ್ನು ಮೊದಲೇ ಬೇರೊಂದು ಪಾತ್ರೆಯಲ್ಲಿ ಕುದಿಯುವ ನೀರು ಹೊಯ್ದು, ಮುಚ್ಚಿ ಆರಿಸಿರಬೇಕು. ಕುದಿನೀರಿನ ಕೆಲಸ ದೊಡ್ಡವರದ್ದು. ಇದನ್ನು ತಪ್ಪಿಸಿದರೆ ಪಾಚಿ ಮತ್ತು ಬೂಸು ನಮಗಿಂತ ಮೊದಲು ಜಾಗ ಹಿಡಿಯುತ್ತವೆ. ಚಿಟಿಕೆಯಲ್ಲಿ ಕಾಲು ಭಾಗದಷ್ಟು ಧೂಳನ್ನು ತೆಳುವಾಗಿ ಉದುರಿಸಿ. ಮಣ್ಣು ಮುಚ್ಚಬಾರದು; ಇವಕ್ಕೆ ಮೊಳೆಯಲು ಬೆಳಕು ಬೇಕು. ಮುಚ್ಚಳ ಹಾಕಿ, ನೇರ ಬಿಸಿಲು ಬೀಳದ ಕಿಟಕಿಯ ಹತ್ತಿರ ಇಡಿ. ನಂತರ ಅದು ಫಿಕ್ಸೆಡ್ ಡೆಪಾಸಿಟ್. ದಿನಾ ತೆಗೆದು ನೋಡುವ ಹಾಗಿಲ್ಲ.

ಮುಚ್ಚಿಟ್ಟರೆ ಉಸಿರು ಕಟ್ಟುವುದಿಲ್ಲವೇ ಎಂದು ಮಕ್ಕಳು ಕೇಳುತ್ತಾರೆ. ಕೇಳಬೇಕಾದ ಪ್ರಶ್ನೆಯೇ. ಲಂಡನ್ನಿನಲ್ಲಿ ನಥಾನಿಯಲ್ ವಾರ್ಡ್ ಎಂಬ ವೈದ್ಯನಿದ್ದ. ಕಲ್ಲಿದ್ದಲ ಹೊಗೆಯಿಂದಾಗಿ ಅವನ ಹಿತ್ತಲಲ್ಲಿ ಜರೀಗಿಡಗಳು ಬದುಕುತ್ತಲೇ ಇರಲಿಲ್ಲ. 1829ರಲ್ಲಿ ಪತಂಗದ ಕೋಶವೊಂದನ್ನು ಒದ್ದೆ ಮಣ್ಣಿನಲ್ಲಿ ಹೂತು ಬಾಟಲಿಯಲ್ಲಿ ಮುಚ್ಚಿಟ್ಟ. ನೀರು ಆವಿಯಾಗಿ ಗಾಜಿಗೆ ತಾಗಿ ಹನಿಯಾಗಿ ಮಣ್ಣಿಗೇ ಮರಳುತ್ತಿತ್ತು. ಸ್ವಲ್ಪ ದಿನಕ್ಕೆ ಅದರಲ್ಲಿ ಒಂದು ಹುಲ್ಲು, ಒಂದು ಜರೀಗಿಡ ತಾವಾಗಿ ಮೊಳೆತವು! ನೀರೇ ಹಾಕದೆ ಅವು ನಾಲ್ಕು ವರ್ಷದ ಹತ್ತಿರ ಬದುಕಿದ್ದವು. ವಾರ್ಡ್ ಅದನ್ನೇ ದೊಡ್ಡದು ಮಾಡಿ ಗಾಜಿನ ಪೆಟ್ಟಿಗೆ ಮಾಡಿಸಿದ. ಹಡಗಿನ ಉಪ್ಪುಗಾಳಿಗೆ ಸಾಯುತ್ತಿದ್ದ ಸಸಿಗಳು ಅದರೊಳಗೆ ಜೀವಂತವಾಗಿ ಖಂಡಾಂತರ ಹೋಗತೊಡಗಿದವು. ರಾಬರ್ಟ್ ಫಾರ್ಚೂನ್ ಚೀನಾದ ಚಹಾ ಸಸಿಗಳನ್ನು ಹಿಮಾಲಯದ ತಪ್ಪಲಿಗೆ ತಂದದ್ದು ಇಂಥ ಪೆಟ್ಟಿಗೆಗಳಲ್ಲೇ. ನಮ್ಮ ಸ್ವೀಟ್ ಡಬ್ಬಿ ಅದರ ಬಡ ನೆಂಟ.

ಎರಡರಿಂದ ಆರು ವಾರದೊಳಗೆ ಇಟ್ಟಿಗೆ ಪುಡಿಯ ಮೇಲೆ ಹಸಿರು ಪೊರೆ ಕಾಣುತ್ತದೆ. ಪಾಚಿಯೆಂದು ಎಸೆಯಬೇಡಿ. ಸಂಕ್ರಾಂತಿಯ ಹೊತ್ತಿಗೆ ಭೂತಗನ್ನಡಿ ಹಿಡಿದು ನೋಡಿ: ಹೆಸರುಕಾಳಿನಷ್ಟಿರುವ ಹಸಿರು ಹೃದಯಗಳು, ಒಂದರ ಪಕ್ಕ ಒಂದು. ಇವು ಜರೀಗಿಡದ ಮರಿಗಳಲ್ಲ. ಇವೇ ಬೇರೆ ಗಿಡಗಳು, ಹೆಸರು ಪ್ರೊಥಾಲಸ್. ಬಹುಪಾಲು ಒಂದೇ ಕೋಶದಷ್ಟು ತೆಳು. ಕಾಂಡವಿಲ್ಲ, ನಿಜವಾದ ಬೇರಿಲ್ಲ. ಕಾಡಿನಲ್ಲಿ ಕೋಟಿಗಟ್ಟಲೆ ಇದ್ದರೂ ನಮ್ಮಲ್ಲಿ ಹೆಚ್ಚಿನವರು ಅವನ್ನು ನೋಡದೆಯೇ ಬದುಕು ಮುಗಿಸುತ್ತೇವೆ.

ಜರೀಗಿಡದ ಮದುವೆ ನಡೆಯುವುದು ಈ ಹೃದಯದ ಅಡಿಯಲ್ಲಿ. ಹೃದಯದ ಕೊರಕಲಿನ ಹತ್ತಿರ ಅಂಡಗಳು, ಸ್ವಲ್ಪ ದೂರದಲ್ಲಿ ಗಂಡುಕಣಗಳು. ನಡುವೆ ಸೇತುವೆಯೆಂದರೆ ನೀರಿನ ತೆಳುಪದರ ಮಾತ್ರ. ಗಂಡುಕಣ ಸ್ಪ್ರಿಂಗಿನಂತೆ ಸುರುಳಿಯಾಗಿದ್ದು, ಮೈತುಂಬ ಇರುವ ಸಣ್ಣ ಬಾಲಗಳನ್ನು ಬಡಿಯುತ್ತ ಈಜುತ್ತದೆ. ದಾರಿ ಹೇಗೆ ಗೊತ್ತು? ಸೇಬಿಗೆ ಹುಳಿ ಕೊಡುವ ಮ್ಯಾಲಿಕ್ ಆಮ್ಲದ ಕಡೆಗೆ ಅದು ತಿರುಗಿ ಈಜುತ್ತದೆ ಎಂದು ಜರ್ಮನಿಯ ವಿಲ್ಹೆಲ್ಮ್ ಫೆಫರ್ 1884ರಲ್ಲಿ ಕಂಡುಹಿಡಿದ. ಹಾಗಾಗಿ ಹೃದಯಗಳು ಕಂಡ ಮೇಲೆ ವಾರಕ್ಕೊಮ್ಮೆ ಕುದಿಸಿ ಆರಿಸಿದ ನೀರನ್ನು ತುಂತುರಾಗಿ ಸಿಂಪಡಿಸಬೇಕು. ಇಲ್ಲದಿದ್ದರೆ ಹೃದಯಗಳು ತಿಂಗಳುಗಟ್ಟಲೆ ಹಾಗೇ ಕುಳಿತಿರುತ್ತವೆ. ಯುಗಾದಿಯ ಸುಮಾರಿಗೆ ಕೊರಕಲಿನಿಂದ ಮೊದಲ ಎಲೆ ತಲೆ ಎತ್ತುತ್ತದೆ, ಸೂಜಿಮೊನೆಯಂಥ ಸುರುಳಿಯಾಗಿ. ಹೃದಯ ಅದಕ್ಕೆ ಕೆಲವು ದಿನ ಉಣಿಸಿ ಬಾಡಿಹೋಗುತ್ತದೆ.

ನಮ್ಮ ಬೀದಿಯ ಕೊನೆಯಲ್ಲಿ ಗಾರೆಯ ಹಳೇ ಕಾಂಪೌಂಡು ಗೋಡೆಯೊಂದಿತ್ತು, ಉದ್ದಕ್ಕೂ ಟೆರಿಸ್ ಗಿಡ. ರಸ್ತೆ ಅಗಲ ಮಾಡಲು ಅದನ್ನು ಕೆಡವುತ್ತಾರೆಂದು ಸುದ್ದಿ ಬಂದ ವಾರ ನಾನೂ ಮೊಮ್ಮಗಳೂ ಹೋಗಿ ಎರಡು ಎಲೆ ತಂದೆವು. ಗೋಡೆ ಈಗಿಲ್ಲ, ಅಲ್ಲೀಗ ಸಿಮೆಂಟು ಚಪ್ಪಡಿ. ಗೋಡೆಯ ವಂಶದ ಹನ್ನೊಂದು ಕುಂಡ ನಮ್ಮ ಮಹಡಿಯಲ್ಲಿವೆ. ಎರಡನ್ನು ಗೋಡೆಯ ಮನೆಯ ಅಜ್ಜಿಗೇ ಕೊಟ್ಟೆವು.

ಮಲೆನಾಡಿಗೆ ಪ್ರವಾಸ ಹೋದವರು ಗಿಡವನ್ನೇ ಬೇರುಸಹಿತ ಕಿತ್ತು ಕಾರಿನ ಡಿಕ್ಕಿಯಲ್ಲಿ ತರುವುದನ್ನು ನೋಡಿದರೆ ನನಗೆ ಸಿಟ್ಟು ಬರುತ್ತದೆ. ಅದು ಬಯಲುಸೀಮೆಯ ಒಣ ಗಾಳಿಗೆ ತಿಂಗಳೊಳಗೆ ಸಾಯುತ್ತದೆ. ಪಶ್ಚಿಮಘಟ್ಟದಲ್ಲಿ ತೆಂಗಿನಂತೆ ನೆಟ್ಟಗೆ ನಿಲ್ಲುವ ಸಯಾಥಿಯಾ ಎಂಬ ಮರಜರೀಗಿಡಗಳಿವೆ. ಅವುಗಳ ಬೇರು ಹೆಣೆದ ಕಾಂಡವನ್ನು ಆರ್ಕಿಡ್ ಬೆಳೆಸಲೆಂದು ಕಡಿದು ಮಾರುವುದು ಎಷ್ಟೋ ದೇಶಗಳಲ್ಲಿ ನಡೆದಿದೆ. ಹಾಗಾಗಿ ಸೈಟಿಸ್ ಎಂಬ ಅಂತರರಾಷ್ಟ್ರೀಯ ಒಪ್ಪಂದ ಅವುಗಳ ವ್ಯಾಪಾರದ ಮೇಲೆ ನಿಯಂತ್ರಣ ಹೇರಿದೆ. ಆಳೆತ್ತರಕ್ಕೆ ಬರಲು ವರ್ಷಗಟ್ಟಲೆ ಬೇಕಾದ ಮರವನ್ನು ಕಡಿಯಲು ಹತ್ತು ನಿಮಿಷ ಸಾಕು.

ಮರಿಗೆ ಮೂರು ನಾಲ್ಕು ಎಲೆ ಬಂದಾಗ ಚಮಚದಿಂದ ಗುಂಪಾಗಿ ಎತ್ತಿ ಸಣ್ಣ ಕುಂಡಕ್ಕೆ ಬದಲಾಯಿಸಿ. ಡಬ್ಬಿಯ ಮುಚ್ಚಳವನ್ನು ಹತ್ತು ದಿನ ಮೊದಲಿನಿಂದಲೇ ದಿನಕ್ಕಿಷ್ಟು ಎಂದು ಸರಿಸುತ್ತ ಬನ್ನಿ, ಹೊರಗಿನ ಗಾಳಿ ಅಭ್ಯಾಸವಾಗಲಿ. ಗೊಬ್ಬರದ ಆತುರ ಬೇಡ. ಉಳಿದ ಧೂಳನ್ನು ಕಾಗದದ ಪೊಟ್ಟಣ ಕಟ್ಟಿ, ಗಾಳಿಯಾಡದ ಡಬ್ಬಿಯಲ್ಲಿ ಫ್ರಿಜ್ಜಿನಲ್ಲಿಟ್ಟರೆ ಟೆರಿಸ್‌ನಂಥವು ಮುಂದಿನ ದಸರಾಕ್ಕೂ ಮೊಳೆಯುತ್ತವೆ. ಪೊಟ್ಟಣದ ಮೇಲೆ ಗಿಡದ ಹೆಸರು, ಎಲೆ ಸಿಕ್ಕ ಜಾಗ, ತಾರೀಖು ಬರೆಯಿರಿ. ಪೆನ್ಸಿಲಿನಲ್ಲೇ ಬರೆಯಿರಿ, ಇಂಕು ತೇವಕ್ಕೆ ಹರಡುತ್ತದೆ.